ದಿನಕ್ಕೆ ಇಪ್ಪತ್ತೈದು ಆನೆ ತೂಕದ ಮಾತ್ರೆ

2023ರ ಗಣತಿಯಂತೆ ಬಂಡೀಪುರದಲ್ಲಿ 1,116 ಆನೆಗಳಿವೆ, ಇಡೀ ಕರ್ನಾಟಕದಲ್ಲಿ 6,395. ಗುಂಡ್ಲುಪೇಟೆ ಸೀಮೆಯ ರೈತನಿಗೆ ಆನೆ ಪಠ್ಯಪುಸ್ತಕದ ಪ್ರಾಣಿಯಲ್ಲ, ರಾತ್ರಿ ಬಾಳೆತೋಟಕ್ಕೆ ಇಳಿಯುವ ಪ್ರಾಣಿ. ಅದರ ಭಾರ ಎಷ್ಟೆಂದು ಬೆಳಿಗ್ಗೆ ಮಲಗಿರುವ ಬೇಲಿಯೇ ಹೇಳುತ್ತದೆ. ಆದ್ದರಿಂದ ಈ ಬರಹಕ್ಕೆ ತೂಕದ ಕಲ್ಲು ಬೇರೆ ಬೇಡ, ಆನೆಯೇ ಸಾಕು. ಒಂದು ಒಳ್ಳೆಯ ಗಂಡಾನೆಗೆ 4 ಟನ್ ಎಂದಿಟ್ಟುಕೊಳ್ಳೋಣ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮೆಟ್‌ಫಾರ್ಮಿನ್ ಇಡೋಣ. ಜನ ‘ಶುಗರ್ ಮಾತ್ರೆ’ ಎಂದಷ್ಟೇ ಕೇಳಿ ಪಡೆಯುವ ಬಿಳಿ ಮಾತ್ರೆ, ಔಷಧದ ತೂಕ 500 ಮಿಲಿಗ್ರಾಂ, ಅಂದರೆ ಅರ್ಧ ಗ್ರಾಂ. ಬೆಲೆ ಒಂದೆರಡು ರೂಪಾಯಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದೂ ಇಲ್ಲ. ಇಂಥದ್ದನ್ನು ಆನೆಯ ಎದುರು ತೂಗುವುದೇ ಹಾಸ್ಯ ಅನ್ನಿಸಬಹುದು. ತೂಗಿಯೇ ಬಿಡೋಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2008ರಿಂದ 2020ರವರೆಗೆ ರಾಜ್ಯದಿಂದ ರಾಜ್ಯಕ್ಕೆ ಸಾಗಿ 1,13,043 ಜನರನ್ನು ಪರೀಕ್ಷಿಸಿತು. 2023ರಲ್ಲಿ ಹೊರಬಿದ್ದ ಅದರ ಅಂದಾಜು: ದೇಶದಲ್ಲಿ 10.1 ಕೋಟಿ ಮಧುಮೇಹಿಗಳು. ಗುಂಡ್ಲುಪೇಟೆಯಿಂದ ಒಂದು ರಸ್ತೆ ಕೇರಳಕ್ಕೆ ಹೋಗುತ್ತದೆಯಲ್ಲ, ಆ ಕೇರಳದ ಅಷ್ಟೂ ಜನರನ್ನು ಕರ್ನಾಟಕದ ಅಷ್ಟೂ ಜನರಿಗೆ ಸೇರಿಸಿದರೂ 2011ರ ಜನಗಣತಿಯಲ್ಲಿ ಸಿಗುವುದು ಒಂಬತ್ತೂವರೆ ಕೋಟಿಗೆ ಸ್ವಲ್ಪ ಕಡಿಮೆ. ಎರಡು ರಾಜ್ಯಗಳ ಹಸುಗೂಸಿನಿಂದ ಅಜ್ಜಿಯವರೆಗೆ ಎಲ್ಲರಿಗೂ ಶುಗರ್ ಬಂದರೂ ಈ ಸಂಖ್ಯೆ ತುಂಬುವುದಿಲ್ಲ! ಬಾಗಿಲಲ್ಲಿ ಕಾಯುತ್ತಿರುವವರು, ಅಂದರೆ ಮಧುಮೇಹದ ಹೊಸ್ತಿಲಲ್ಲಿ ಇರುವವರು, ಇನ್ನೂ 13.6 ಕೋಟಿ. ಅವರದೇ ಒಂದು ನಾಡು ಕಟ್ಟಿದರೆ ಎರಡು ಕರ್ನಾಟಕ ಆಗಿ ಮೇಲೊಂದಿಷ್ಟು ಉಳಿಯುತ್ತದೆ.

ಈ 10.1 ಕೋಟಿ ಜನರೂ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗುತ್ತಾರೆಂದು ಭಾವಿಸಿ. ನಿಜದಲ್ಲಿ ಎಲ್ಲರೂ ನುಂಗುವುದಿಲ್ಲ. ಕೆಲವರಿಗೆ ಬೇರೆ ಔಷಧ, ಎಷ್ಟೋ ಜನಕ್ಕೆ ತಮಗೆ ಕಾಯಿಲೆ ಇದೆಯೆಂಬುದೇ ಗೊತ್ತಿಲ್ಲ. ಆದರೂ ಲೆಕ್ಕದ ಸುಖಕ್ಕೆ ಎಲ್ಲರ ಕೈಗೂ ಕೊಡೋಣ. ತಲೆಗೆ ದಿನಕ್ಕೆ ಒಂದು ಗ್ರಾಂ. ಒಟ್ಟು 101 ಟನ್. ಇಪ್ಪತ್ತೈದು ಗಂಡಾನೆಗಳ ಹಿಂಡೊಂದು ಪ್ರತಿದಿನ ದೇಶದ ಗಂಟಲಲ್ಲಿ ಇಳಿಯುತ್ತದೆ. ವರ್ಷಕ್ಕೆ ಸುಮಾರು 36,900 ಟನ್, ಅಂದರೆ 9,200 ಆನೆ. ಬಂಡೀಪುರದ ಆನೆಗಳು ನಲವತ್ತೈದು ದಿನದೊಳಗೆ ಮುಗಿದುಹೋಗುತ್ತವೆ. ಇಡೀ ಕರ್ನಾಟಕದ ಆನೆಗಳನ್ನು ತಂದು ನಿಲ್ಲಿಸಿದರೂ ಡಿಸೆಂಬರ್ ತಿಂಗಳು ಮುಟ್ಟುವುದಿಲ್ಲ.

ತೂಕ ಸಾಕು, ಉದ್ದ ನೋಡೋಣ. ಮಾತ್ರೆಯ ಅಡ್ಡಳತೆ ಸುಮಾರು 12 ಮಿಲಿಮೀಟರ್. ಒಂದು ದಿನದ 20.2 ಕೋಟಿ ಮಾತ್ರೆಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಿದರೆ 2,424 ಕಿಲೋಮೀಟರ್. ಚಾಮರಾಜನಗರದ ಚಾಮರಾಜೇಶ್ವರ ಗುಡಿಯ ಮುಂದೆ ಬೆಳಿಗ್ಗೆ ಸಾಲು ಶುರುವಾದರೆ ರಾತ್ರಿಯ ಹೊತ್ತಿಗೆ ದೆಹಲಿ ದಾಟಿರುತ್ತದೆ. ಹದಿನೇಳು ದಿನಕ್ಕೆ ಭೂಮಿಗೆ ಒಂದು ಸುತ್ತು ಪೂರ್ತಿ, ವರ್ಷಕ್ಕೆ ಇಪ್ಪತ್ತೆರಡು ಸುತ್ತು. ಭೂಮಿ ಬೇಸರವಾದರೆ ಸಾಲನ್ನು ಮೇಲಕ್ಕೆ ತಿರುಗಿಸಿ. ಚಂದ್ರನ ದೂರ 3,84,400 ಕಿಲೋಮೀಟರ್, 159 ದಿನದ ದಾರಿ. ಯುಗಾದಿಯ ದಿನ ಮೊದಲ ಮಾತ್ರೆ ಇಟ್ಟರೆ ಗೌರಿ-ಗಣೇಶ ಹಬ್ಬದ ಆಸುಪಾಸಿನಲ್ಲಿ ಚಂದ್ರ ಸಿಕ್ಕಿಬಿಡುತ್ತಾನೆ. ಹಬ್ಬದ ದಿನ ಅವನ ಮುಖ ನೋಡಬಾರದೆಂಬ ಶಾಸ್ತ್ರವನ್ನು ಅಲ್ಲಿಯೇ ಬಗೆಹರಿಸಿಕೊಳ್ಳಬಹುದು.

ಇಷ್ಟೆಲ್ಲ ಯಾವುದರ ವಿರುದ್ಧ? ಒಂದು ಚಿಟಿಕೆ ಸಕ್ಕರೆಯ ವಿರುದ್ಧ! ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ನೂರು ಮಿಲಿಲೀಟರಿಗೆ 100 ಮಿಲಿಗ್ರಾಂ ಸಕ್ಕರೆಯಂತೆ ಲೆಕ್ಕ ಹಾಕಿದರೆ ಇಡೀ ದೇಹದ ರಕ್ತದಲ್ಲಿರುವ ಸಕ್ಕರೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಬರಿಹೊಟ್ಟೆಯಲ್ಲಿ 126 ಮುಟ್ಟಿದರೆ ಮಧುಮೇಹ ಎನ್ನುತ್ತಾರೆ, ಆಗ ರಕ್ತದಲ್ಲಿರುವುದು 6.3 ಗ್ರಾಂ. ಆರೋಗ್ಯವಂತನಿಗೂ ರೋಗಿಗೂ ನಡುವಿನ ಗಡಿ ಒಂದು ಗ್ರಾಂ ಚಿಲ್ಲರೆ. ಹತ್ತು ಕೋಟಿ ಜನರೂ ಆ ಗಡಿಯ ಮೇಲೆಯೇ ನಿಂತಿದ್ದಾರೆಂದುಕೊಂಡು ಅವರ ಹೆಚ್ಚುವರಿ ಸಕ್ಕರೆಯನ್ನೆಲ್ಲ ಸೋಸಿ ತೆಗೆದರೆ ಸಿಗುವುದು 131 ಟನ್. ಹತ್ತು ಟನ್ನಿನ ಲಾರಿ ಹದಿನಾಲ್ಕು ಬಂದರೆ ಮುಗಿಯಿತು. ಅದನ್ನು ಹಿಡಿದಿಡಲು ವರ್ಷಕ್ಕೆ ಅದರ 280 ಪಟ್ಟು ತೂಕದ ಮಾತ್ರೆ.

ಮಧ್ಯಾಹ್ನದ ಊಟವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 70 ಗ್ರಾಂ ಪಿಷ್ಟ. ರಕ್ತದಲ್ಲಿರುವ ಒಟ್ಟು ಸಕ್ಕರೆಯ ಹದಿನಾಲ್ಕು ಪಟ್ಟು ಸರಕು ಒಂದೇ ಮುದ್ದೆಯಲ್ಲಿ, ಸೊಪ್ಪಿನ ಸಾರಿನ ಜೊತೆ ಜಾರಿ ಒಳಗೆ ಬರುತ್ತದೆ. ಎರಡನೇ ಮುದ್ದೆಗೆ ಕೈಯೊಡ್ಡಿದವರು ಇಪ್ಪತ್ತೆಂಟು ಪಟ್ಟು ಒಳಗೆ ಬಿಟ್ಟುಕೊಳ್ಳುತ್ತಾರೆ. ಅಷ್ಟಾದರೂ ಆರೋಗ್ಯವಂತನ ರಕ್ತದಲ್ಲಿ ಚಮಚದ ಅಳತೆ ಹೆಚ್ಚು ತಪ್ಪುವುದಿಲ್ಲವೆಂಬುದು ನನಗೆ ಈವತ್ತಿಗೂ ನಂಬಲಾಗದ ಸಂಗತಿ.

ಮಾತ್ರೆಯ ಒಳಗೆ ಇಣುಕಿದರೆ ಸಂಖ್ಯೆಗಳು ಹುಚ್ಚೆದ್ದು ಕುಣಿಯುತ್ತವೆ. ಮೆಟ್‌ಫಾರ್ಮಿನ್ ಅಣು ಬಹಳ ಪುಟ್ಟದು: 4 ಇಂಗಾಲ, 11 ಜಲಜನಕ, 5 ಸಾರಜನಕ, ಒಟ್ಟು 20 ಪರಮಾಣು. ಪ್ರೈಮರಿ ಶಾಲೆಯ ಒಂದು ತರಗತಿಯ ಹಾಜರಿಯಷ್ಟು. ಅಂಥ ಅಣುಗಳು ಒಂದು ಮಾತ್ರೆಯಲ್ಲಿ ಎಷ್ಟು? ಒಂದು ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಕೋಟಿಯಿಂದ ಗುಣಿಸಿ, ಅದರ ಮೇಲೆ 1.8 ಪಟ್ಟು. ಜಗತ್ತಿನ ಎಂಟುನೂರು ಕೋಟಿ ಜನರಿಗೆ ಒಂದೇ ಮಾತ್ರೆಯನ್ನು ಸಮನಾಗಿ ಹಂಚಿದರೆ ತಲೆಗೆ 22 ಸಾವಿರ ಕೋಟಿ ಅಣು. ಒಬ್ಬನೇ ನುಂಗಿದರೆ ಅವನ ಮೈಯ 37 ಲಕ್ಷ ಕೋಟಿ ಜೀವಕೋಶಗಳಲ್ಲಿ ಒಂದೊಂದಕ್ಕೂ ಸರಾಸರಿ ಸುಮಾರು ಐದು ಕೋಟಿ ಅಣುಗಳ ಪಾಲು. ಸೆಕೆಂಡಿಗೊಂದರಂತೆ ಎಣಿಸಲು ಕೂತರೆ ವಿಶ್ವ ಹುಟ್ಟಿ ಕಳೆದಿರುವ 1,380 ಕೋಟಿ ವರ್ಷವೂ ಸಾಲದು, ಅಂಥ ನಾಲ್ಕು ಸಾವಿರ ವಿಶ್ವಗಳ ಆಯುಸ್ಸು ಬೇಕು. ಇಷ್ಟು ಬೃಹತ್ ಸೈನ್ಯ ಸುಮಾರು ಆರು ಗಂಟೆಗೊಮ್ಮೆ ರಕ್ತದಲ್ಲಿ ಅರ್ಧಕ್ಕರ್ಧ ಕರಗುತ್ತದೆ. ಕರಗುತ್ತದೆ ಎಂದದ್ದು ಬಾಯಿಮಾತಿಗೆ. ಮೆಟ್‌ಫಾರ್ಮಿನ್ ದೇಹದಲ್ಲಿ ಮುರಿಯುವುದೇ ಇಲ್ಲ, ಬಂದ ಹಾಗೆಯೇ, ಒಂದು ಪರಮಾಣುವೂ ಕಳಚದೆ, ಮೂತ್ರದಲ್ಲಿ ಹೊರಟುಹೋಗುತ್ತದೆ.

ಹೋದದ್ದು ಎಲ್ಲಿಗೆ? 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 104 ದೇಶಗಳ 258 ನದಿಗಳ ನೀರನ್ನು 1,052 ಕಡೆ ಮೊಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಕಡೆ ಸಿಕ್ಕಿದ ವಸ್ತುಗಳ ಸಣ್ಣ ಪಟ್ಟಿಯಲ್ಲಿ ಕಾಫಿಯ ಕೆಫೀನ್ ಇತ್ತು, ಅದರ ಪಕ್ಕದಲ್ಲೇ ನಮ್ಮ ಮೆಟ್‌ಫಾರ್ಮಿನ್ ಇತ್ತು. ಮನುಷ್ಯ ಕುಲ ನದಿಗಳಿಗೇ ಶುಗರ್ ಮಾತ್ರೆ ಕುಡಿಸುತ್ತಿದೆ.

ವಯಸ್ಸಿನ ವಿಚಾರದಲ್ಲೂ ಈ ಮಾತ್ರೆ ಚಿಕ್ಕದೇನಲ್ಲ. ಇದರ ಮೂಲ ಸುಳಿವು ಯುರೋಪಿನ ಹೊಲದಂಚಿನ ನೀಲಿ ಹೂವಿನ ಗಿಡ, ಹೆಸರು ಗಲೇಗಾ. ಮಧ್ಯಯುಗದ ಹಳ್ಳಿ ವೈದ್ಯರಿಗೆ ಗೊತ್ತಿದ್ದ ಸೊಪ್ಪು. 1922ರಲ್ಲಿ ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ ಎಂಬ ಇಬ್ಬರು ಅಣುವನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದರು. ಇನ್ಸುಲಿನ್ ಚುಚ್ಚುಮದ್ದನ್ನು ಮೊದಲ ಬಾರಿಗೆ ರೋಗಿಗೆ ಕೊಟ್ಟದ್ದೂ ಅದೇ ವರ್ಷ. ಇನ್ಸುಲಿನ್ ಮೆರವಣಿಗೆ ಹೋಯಿತು, ಮೆಟ್‌ಫಾರ್ಮಿನ್ ಮೂಲೆ ಸೇರಿತು. ಮಧುಮೇಹಿಗಳಿಗೆ ಕೊಟ್ಟು ನೋಡಿ ಫ್ರಾನ್ಸಿನ ಜಾನ್ ಸ್ಟರ್ನ್ ವರದಿ ಮಾಡಿದ್ದು 1957ರಲ್ಲಿ, ಮೂವತ್ತೈದು ವರ್ಷ ಕಳೆದ ಮೇಲೆ. ಅಮೆರಿಕ ಒಪ್ಪಿಕೊಂಡದ್ದು 1994ರ ಡಿಸೆಂಬರಿನಲ್ಲಿ. ಹುಟ್ಟಿದ ಮೇಲೆ ಎಪ್ಪತ್ತೆರಡು ವರ್ಷ! ಅಷ್ಟು ಹೊತ್ತಿಗೆ ಮನುಷ್ಯ ಚಂದ್ರನ ಮೇಲೆ ಆರು ಸಲ ಇಳಿದು ಬಂದು ಕಾಲು ಶತಮಾನವೇ ಆಗುತ್ತ ಬಂದಿತ್ತು.

ಚಾಮರಾಜನಗರಕ್ಕೆ ಬರೋಣ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆ, 2011ರ ಜನಸಂಖ್ಯೆ 10,20,791. ರಾಷ್ಟ್ರೀಯ ಸಮೀಕ್ಷೆ ಹಳ್ಳಿಗಾಡಿನ ವಯಸ್ಕರಲ್ಲಿ ಶೇಕಡ 8.9, ಪಟ್ಟಣದವರಲ್ಲಿ ಶೇಕಡ 16.4 ಮಧುಮೇಹ ಕಂಡಿದೆ. ಈ ದರಗಳನ್ನೇ ಹಳ್ಳಿಗಳೇ ಹೆಚ್ಚಿರುವ ಜಿಲ್ಲೆಗೆ ಹೊದಿಸಿದರೆ ಬರುವುದು 65ರಿಂದ 70 ಸಾವಿರ. ಇದು ಮನೆಮನೆ ಎಣಿಕೆಯಲ್ಲ, ಬರೀ ಗುಣಾಕಾರ. ಆದರೂ ಗಾತ್ರ ತಿಳಿಯುತ್ತದೆ: ಚಾಮರಾಜನಗರ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ, ಅಂದರೆ ಜಿಲ್ಲೆಯೊಳಗೆ ಜಿಲ್ಲಾಕೇಂದ್ರದಷ್ಟೇ ದೊಡ್ಡದಾದ, ಯಾವ ನಕ್ಷೆಯಲ್ಲೂ ಇಲ್ಲದ ಶುಗರಿನ ಪಟ್ಟಣವೊಂದು ಇದೆ. 2021ರ ಅಕ್ಟೋಬರ್ 7ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಗೆ 450 ಹಾಸಿಗೆ. ಜಿಲ್ಲೆಯ ಶುಗರಿನವರೆಲ್ಲ ಒಂದೇ ದಿನ ಬಂದರೆ ಹಾಸಿಗೆಗೆ ನೂರೈವತ್ತು ಜನ.

ಇಲ್ಲಿಯವರೆಗೆ ದೊಡ್ಡದರ ಮಾತಾಯಿತು. ಈಗ ಒಂದು ಚಿಕ್ಕ ವಸ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆಯ್ದು ತರುವ ನೆಲ್ಲಿಕಾಯಿಯ ಗಾತ್ರ, ಸುಮಾರು 20 ಗ್ರಾಂ ತೂಕ, ಗಂಡಸರ ಮೂತ್ರಕೋಶದ ಬುಡದಲ್ಲಿ ಅಡಗಿ ಕೂತ ಪ್ರಾಸ್ಟೇಟ್ ಗ್ರಂಥಿ. ದೇಹದ ಮೂರು ಸಾವಿರದ ಒಂದು ಪಾಲೂ ಇರದ ಈ ನೆಲ್ಲಿಕಾಯಿ 2022ರ ಒಂದೇ ವರ್ಷದಲ್ಲಿ ಜಗತ್ತಿನ 14.67 ಲಕ್ಷ ಗಂಡಸರಿಗೆ ಕ್ಯಾನ್ಸರ್ ತಂದಿತು. ಚಾಮರಾಜನಗರ ಜಿಲ್ಲೆಯ ಹೆಣ್ಣು ಗಂಡು ಮಕ್ಕಳೆಲ್ಲ ಸೇರಿದ ಸಂಖ್ಯೆಯ ಒಂದೂವರೆ ಪಟ್ಟು ಹತ್ತಿರ. ಇಪ್ಪತ್ತೆರಡು ಸೆಕೆಂಡಿಗೆ ಒಬ್ಬ. ಈ ಪುಟ ಮುಗಿಸುವಷ್ಟರಲ್ಲಿ ಏಳೆಂಟು ಜನ. 2040ಕ್ಕೆ ವರ್ಷಕ್ಕೆ 29 ಲಕ್ಷ ಆಗುತ್ತದೆಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಎಚ್ಚರಿಸಿದೆ, ಆಗ ಹನ್ನೊಂದು ಸೆಕೆಂಡಿಗೆ ಒಬ್ಬ. ಭಾರತದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಹೊಸ ರೋಗಿಗಳು. ಗುಂಡ್ಲುಪೇಟೆ ಪಟ್ಟಣದ ಒಟ್ಟು ಜನಸಂಖ್ಯೆಯೇ 28 ಸಾವಿರ ಎಂಬುದನ್ನು ನೆನಪಿಡಿ.

ಬೇರೆ ಕಾರಣಕ್ಕೆ ತೀರಿಕೊಂಡ ಗಂಡಸರ ಶವಪರೀಕ್ಷೆಯ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಂಬತ್ತು ದಾಟಿದವರಲ್ಲಿ ಶೇಕಡ 59 ಜನರ ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್ ಇತ್ತು. ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತ ಹತ್ತು ಅಜ್ಜಂದಿರಲ್ಲಿ ಆರು ಮಂದಿ! ಅವರಲ್ಲಿ ಎಷ್ಟೋ ಜನ ಅದು ಇತ್ತೆಂದು ತಿಳಿಯದೆಯೇ ನೂರಾರು ಮದುವೆ ಊಟ ಉಂಡು ಹೋಗಿರುತ್ತಾರೆ.

ಇದನ್ನು ಹಿಡಿಯುವ ರಕ್ತಪರೀಕ್ಷೆ ಪಿಎಸ್‌ಎ. ಮಿಲಿಲೀಟರಿಗೆ 4 ನ್ಯಾನೋಗ್ರಾಂ ದಾಟಿದರೆ ವೈದ್ಯರು ಹುಬ್ಬೇರಿಸುತ್ತಾರೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು. ಅರಿಶಿನ ಬೆಳೆಯುವ ಸೀಮೆಯವರಿಗೆ ಅರಿಶಿನದಲ್ಲೇ ಹೇಳುವುದಾದರೆ, 10,000 ಲೀಟರಿನ ನೀರಿನ ಟ್ಯಾಂಕರುಗಳನ್ನು ನೂರು ನಿಲ್ಲಿಸಿ ಎಲ್ಲದಕ್ಕೂ ಸೇರಿಸಿ 4 ಗ್ರಾಂ, ಅಂದರೆ ಒಂದು ಟೀ ಚಮಚ ಅರಿಶಿನ ಕಲಸಬೇಕು. ಆ ನೀರಿನಲ್ಲಿ ಅರಿಶಿನ ಇದೆಯೆಂದು ಯಂತ್ರ ಹೇಳುತ್ತದೆ. ಒಂದು ಚಮಚವೋ ಎರಡೋ ಎಂದೂ ಹೇಳುತ್ತದೆ.

ಈ ಕ್ಯಾನ್ಸರ್ ಹರಡಿದಾಗ ಮುಖ್ಯ ಚಿಕಿತ್ಸೆ ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನನ್ನು ಬತ್ತಿಸುವುದು. ಆ ದಾರಿಯನ್ನು ವೈದ್ಯ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿದ್ದು 1941ರಲ್ಲಿ, ನೊಬೆಲ್ ಬಂದದ್ದು 1966ರಲ್ಲಿ, ಇಪ್ಪತ್ತೈದು ವರ್ಷ ಕಾಯಿಸಿ. ಮೀಸೆ, ಗಂಟಲು, ತೋಳು, ರೋಷ ಎಲ್ಲಕ್ಕೂ ಕಾರಣವೆಂದು ಹೆಸರಾದ ಈ ಹಾರ್ಮೋನು ಒಬ್ಬ ಗಂಡಸಿನ ಇಡೀ ರಕ್ತದಲ್ಲಿ ಇರುವುದು ಸುಮಾರು 25 ಮೈಕ್ರೋಗ್ರಾಂ. ಎರಡು ಮಿಲಿಗ್ರಾಮಿನ ಒಂದು ಸಾಸಿವೆ ಕಾಳನ್ನು ಎಂಬತ್ತು ಚೂರು ಮಾಡಿದರೆ ಅದರಲ್ಲೊಂದು ಚೂರು. ಗಂಡಸುತನದ ಅಷ್ಟೂ ಆರ್ಭಟ ಒಗ್ಗರಣೆಯಲ್ಲಿ ಸಿಡಿದು ಹೋಗುವಷ್ಟು! ಚಿಕಿತ್ಸೆಯ ಚುಚ್ಚುಮದ್ದು ಅದನ್ನೂ ಹತ್ತನೇ ಒಂದಕ್ಕೆ ಇಳಿಸುತ್ತದೆ.

ಆ ಚುಚ್ಚುಮದ್ದಿನ ಹುಟ್ಟಿನ ಲೆಕ್ಕ ಇನ್ನೂ ಗಮ್ಮತ್ತಿನದು. ಟೆಸ್ಟೋಸ್ಟೆರೋನಿಗೆ ಅಪ್ಪಣೆ ಕೊಡಲು ಮಿದುಳಿನಿಂದ ಹೊರಡುವ ಮೂಲ ಹಾರ್ಮೋನನ್ನು ಹಿಡಿಯಲು ವಿಜ್ಞಾನಿ ಆಂಡ್ರ್ಯೂ ಶಾಲಿ ತಂಡ ಸುಮಾರು 1.6 ಲಕ್ಷ ಹಂದಿಗಳ ಮಿದುಳಿನ ತುಣುಕುಗಳನ್ನು ಅರೆದು ಸೋಸಿತು. ಸಿಕ್ಕಿದ್ದು 800 ಮೈಕ್ರೋಗ್ರಾಂ. ಅದರ ರಚನೆ 1971ರಲ್ಲಿ ಗೊತ್ತಾಯಿತು, ಶಾಲಿಗೆ 1977ರಲ್ಲಿ ನೊಬೆಲ್ ಬಂತು. ಆಮೇಲೆ ಅದರ ಹೋಲಿಕೆಯ ಔಷಧಗಳನ್ನು ಕಾರ್ಖಾನೆಯಲ್ಲಿ ಮಾಡಲು ಕಲಿತರು, ಹಂದಿಗಳು ಬಚಾವಾದವು. ಕಲಿಯದೆ ಇದ್ದಿದ್ದರೆ? ಅಂಥ ಔಷಧಗಳಲ್ಲೊಂದಾದ, ಮೂರು ತಿಂಗಳಿಗೊಮ್ಮೆ ಕೊಡುವ 11.25 ಮಿಲಿಗ್ರಾಂ ಲ್ಯುಪ್ರೊಲೈಡ್‌ನಷ್ಟು ತೂಕಕ್ಕೆ ಅದೇ ಲೆಕ್ಕದಲ್ಲಿ 22.5 ಲಕ್ಷ ಹಂದಿ ಬೇಕಾಗುತ್ತಿತ್ತು. ಚಾಮರಾಜನಗರ ಜಿಲ್ಲೆಯ ಪ್ರತಿ ಮನುಷ್ಯನಿಗೆ ಎರಡೆರಡು ಹಂದಿ, ಒಬ್ಬ ರೋಗಿಯ ಒಂದು ಚುಚ್ಚುಮದ್ದಿಗೆ.

ಶುಗರ್ ಮಾತ್ರೆಯ ಕಥೆಗೂ ನೆಲ್ಲಿಕಾಯಿಯ ಕಥೆಗೂ ಗಂಟು ಬೀಳುವುದು ಇಲ್ಲಿ. ಹಾರ್ಮೋನು ಬತ್ತಿದ ಮೈ ಕೊಬ್ಬು ಕೂಡಿಸುತ್ತದೆ, ಮಾಂಸ ಕಳೆಯುತ್ತದೆ. ಚಿಕಿತ್ಸೆಯಲ್ಲಿದ್ದ 32 ಗಂಡಸರನ್ನು ಅಳೆದಾಗ 48 ವಾರದಲ್ಲಿ ಕೊಬ್ಬು ಶೇಕಡ 9.4 ಏರಿತ್ತು. ಮೂವತ್ತೆರಡು ಸಣ್ಣ ಸಂಖ್ಯೆ ಅನ್ನುವವರಿಗೆ ದೊಡ್ಡದೂ ಇದೆ. 2006ರಲ್ಲಿ ನ್ಯಾನ್ಸಿ ಕೀಟಿಂಗ್ ಮತ್ತು ಸಂಗಡಿಗರು 73,196 ಅಮೆರಿಕನ್ ವೃದ್ಧರ ದಾಖಲೆ ತಿರುವಿದರು, ಚಾಮರಾಜನಗರ ಪಟ್ಟಣದ ಜನಕ್ಕಿಂತ ಹೆಚ್ಚು ತಲೆ, ಎಲ್ಲರೂ ಪ್ರಾಸ್ಟೇಟ್ ಕ್ಯಾನ್ಸರಿನವರು. ಹಾರ್ಮೋನು ಬತ್ತಿಸುವ ಚುಚ್ಚುಮದ್ದು ಪಡೆದವರಿಗೆ ಹೊಸದಾಗಿ ಮಧುಮೇಹ ಬರುವ ಅಪಾಯ ಶೇಕಡ 44 ಹೆಚ್ಚು. ಕ್ಯಾನ್ಸರಿಗೆ ತೆಗೆದುಕೊಂಡ ಮದ್ದು ಶುಗರಿನ ಬಾಗಿಲು ತಟ್ಟುತ್ತದೆ. ಮೈಸೂರಿನ ಆಸ್ಪತ್ರೆಯಿಂದ ಗುಂಡ್ಲುಪೇಟೆಗೆ ವಾಪಸಾದವನ ಚೀಲದಲ್ಲಿ ಒಂದರ ಬದಲು ಎರಡು ಕಾಯಿಲೆಯ ಚೀಟಿ.

ಹಾಗಾದರೆ ಶುಗರ್ ಮಾತ್ರೆಯನ್ನು ಮೊದಲೇ ಕೊಟ್ಟರೆ? ಅದು ಕ್ಯಾನ್ಸರನ್ನೂ ಹೊಡೆದರೆ? 2013ರಲ್ಲಿ ಕೆನಡಾದಿಂದ ಬಂದ ಸಂಖ್ಯೆ ಎಲ್ಲರನ್ನೂ ಕುರ್ಚಿಯಿಂದ ಎಬ್ಬಿಸಿತು. ಶುಗರ್ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ಎರಡೂ ಇದ್ದ 3,837 ಗಂಡಸರಲ್ಲಿ, ಮೆಟ್‌ಫಾರ್ಮಿನ್ ನುಂಗಿದ ಪ್ರತಿ ಹೆಚ್ಚುವರಿ ಆರು ತಿಂಗಳಿಗೆ ಕ್ಯಾನ್ಸರಿನಿಂದ ಸಾಯುವ ಅಪಾಯ ಶೇಕಡ 24 ಕಡಿಮೆ! ಎರಡು ರೂಪಾಯಿಯ ಮಾತ್ರೆ! ಆದರೆ ಅದು ದಾಖಲೆ ನೋಡಿ ಹೇಳಿದ ಮಾತು. ಚೀಟಿ ಎತ್ತಿ ಅರ್ಧ ಜನರಿಗೆ ಕೊಟ್ಟು ಅರ್ಧ ಜನರಿಗೆ ಕೊಡದೆ ಕಾಯ್ದು ನೋಡಿದ ಮಾತಲ್ಲ.

ಹಾಗೆ ಕಾಯ್ದವರು ಬ್ರಿಟನ್ನಿನ ‘ಸ್ಟಾಂಪೀಡ್’ ತಂಡದವರು. 2005ರಿಂದ ಸುಮಾರು 12 ಸಾವಿರ ಗಂಡಸರನ್ನು ಸೇರಿಸಿಕೊಂಡ ಭಾರಿ ಪ್ರಯೋಗ ಅದು. ಅದರಲ್ಲಿ ಶುಗರ್ ಇಲ್ಲದ, ಕ್ಯಾನ್ಸರ್ ಹರಡಿದ್ದ 1,874 ಮಂದಿಯನ್ನು ಮೆಟ್‌ಫಾರ್ಮಿನ್ ಪರೀಕ್ಷೆಗೆ ತೆಗೆದುಕೊಂಡರು. ಅವರಲ್ಲಿ ಮಾತ್ರೆಯ ಪಾಲಿಗೆ ಬಂದವರಿಗೆ 850 ಮಿಲಿಗ್ರಾಮಿನದು ದಿನಕ್ಕೆರಡು. ಐದು ವರ್ಷ ಬಿಡದೆ ನುಂಗಿದವನ ಹೊಟ್ಟೆಗೆ 3,650 ಮಾತ್ರೆ, ಮೂರು ಕಿಲೋಗೂ ಹೆಚ್ಚು ಔಷಧ. ಸಂತೆಯಲ್ಲಿ ಸಣ್ಣ ಈರುಳ್ಳಿ ತೂಗಿಸಿಕೊಳ್ಳುವಷ್ಟು! ಫಲ 2025ರಲ್ಲಿ ಪ್ರಕಟವಾಯಿತು. ಮಾತ್ರೆಯಿಲ್ಲದ ಗುಂಪಿನ ಮಧ್ಯಮ ಆಯುಸ್ಸು 61.8 ತಿಂಗಳು, ಮಾತ್ರೆಯವರದು 67.4. ವ್ಯತ್ಯಾಸ 5.6 ತಿಂಗಳು. ಅದೂ ಕೂಡ ಕಾಕತಾಳೀಯವಲ್ಲ ಎಂದು ಸಂಖ್ಯಾಶಾಸ್ತ್ರ ಮುದ್ರೆ ಒತ್ತಲಿಲ್ಲ. ಶೇಕಡ 24ರ ಆಸೆ ಕಟ್ಟಿಕೊಂಡವರ ಕೈಗೆ ಬಂದದ್ದು ಶೇಕಡ 9, ಅದರ ಮುಂದೆಯೂ ಒಂದು ಪ್ರಶ್ನಾರ್ಥಕ ಚಿಹ್ನೆ. ಆದರೆ ಚುಚ್ಚುಮದ್ದು ತರುವ ತೂಕ, ಸಕ್ಕರೆ, ಕೊಲೆಸ್ಟೆರಾಲುಗಳ ಕಾಟಕ್ಕೆ ಮಾತ್ರೆ ತಕ್ಕಮಟ್ಟಿಗೆ ಲಗಾಮು ಹಾಕಿತ್ತು. ಇದನ್ನು ಓದಿ ಯಾರೂ ಅಂಗಡಿಗೆ ಓಡಬೇಕಿಲ್ಲ. ಮೂತ್ರಪಿಂಡ ಸೋತವರಿಗೆ ಇದೇ ಮಾತ್ರೆ ಅಪಾಯ, ವೈದ್ಯರು ಬರೆದುಕೊಡಬೇಕು.

ಮಾತ್ರೆಯ ಜೊತೆ ಬದುಕಿನ ರೀತಿಯನ್ನೂ ಬದಲಿಸಿ ನೋಡಿದ ಒಂದು ಪುಟ್ಟ ಪ್ರಯೋಗ ಬ್ರಿಟನ್ನಿನಿಂದ 2012ರಲ್ಲಿ ಬಂತು. ನಲವತ್ತು ಗಂಡಸರು, ನಮ್ಮ ಕೆಂಪು ಬಸ್ಸಿನ ಸೀಟುಗಳೂ ತುಂಬುವುದಿಲ್ಲ. ಅರ್ಧ ಜನರಿಗೆ ಆರು ತಿಂಗಳು ಮೆಟ್‌ಫಾರ್ಮಿನ್, ಸಕ್ಕರೆ ನಿಧಾನಕ್ಕೆ ಬಿಡುವ ಊಟ, ವ್ಯಾಯಾಮ. ಅವರ ಹೊಟ್ಟೆಯ ಸುತ್ತಳತೆ, ತೂಕ, ರಕ್ತದೊತ್ತಡ ಮೂರೂ ಇಳಿದವು.

ಊಟದ ಸಂಖ್ಯೆಗಳಂತೂ ಒಂದು ಆಕಾಶಕ್ಕೆ, ಒಂದು ಪಾತಾಳಕ್ಕೆ. ಡೀನ್ ಆರ್ನಿಶ್ ಎಂಬ ಅಮೆರಿಕನ್ ವೈದ್ಯ 2005ರಲ್ಲಿ 93 ಗಂಡಸರ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಅವರಲ್ಲಿ ಒಂದು ಗುಂಪಿಗೆ ಸೊಪ್ಪು-ಕಾಳಿನ ಊಟ, ನಡಿಗೆ, ಯೋಗ, ಧ್ಯಾನ. ವರ್ಷ ಕಳೆದ ಮೇಲೆ ಅವರ ರಕ್ತದ ಸೀರಮ್ಮನ್ನು ಗಾಜಿನ ತಟ್ಟೆಯಲ್ಲಿದ್ದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದಾಗ ಬೆಳವಣಿಗೆ ಶೇಕಡ 70 ಕುಗ್ಗಿತು, ಪಥ್ಯ ಮಾಡದವರ ರಕ್ತಕ್ಕೆ ಕುಗ್ಗಿದ್ದು ಶೇಕಡ 9 ಮಾತ್ರ. 2008ರಲ್ಲಿ ಇನ್ನೂ 30 ಮಂದಿ. ಮೂರೇ ತಿಂಗಳಲ್ಲಿ ಅವರ ಪ್ರಾಸ್ಟೇಟ್‌ನ 48 ಜೀನುಗಳ ಕೆಲಸ ಜೋರಾಯಿತು, 453 ಜೀನುಗಳದು ತಗ್ಗಿತು. ಐನೂರೊಂದು ಗುಂಡಿಗಳನ್ನು ಸೊಪ್ಪಿನ ಸಾರು ತಿರುಗಿಸಿತ್ತು! ಹಿಗ್ಗುವ ಮುನ್ನ 2020ರ ದೊಡ್ಡ ಪ್ರಯೋಗ ನೋಡಿ. 478 ಗಂಡಸರು, ಅರ್ಧ ಜನರಿಗೆ ದಿನಕ್ಕೆ ಏಳು ಪಾಲಿಗೂ ಹೆಚ್ಚು ತರಕಾರಿ ತಿನ್ನುವ ಸಲಹೆ, ಎರಡು ವರ್ಷ. ಕ್ಯಾನ್ಸರ್ ಮುಂದುವರಿಯುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಮೂವತ್ತು ಜನರ ಐನೂರು ಜೀನುಗಳಿಗಿಂತ ನಾನೂರ ಎಪ್ಪತ್ತೆಂಟು ಜನರ ಸೊನ್ನೆಯೇ ತೂಕದ್ದು. ಆದರೂ ಚುಚ್ಚುಮದ್ದಿನಿಂದ ಮೂಳೆ ಸವೆಯುವ ಗಂಡಸಿಗೆ ನೂರು ಗ್ರಾಂ ರಾಗಿಯ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಬೇಡವೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಒಂದೇ ಮುದ್ದೆ ಸಾಕು ಎನ್ನುತ್ತೇನೆ, ಅಷ್ಟೆ.

ನಡಿಗೆಯ ಅಂಕಿಗಳು ಮಾತ್ರ ಎಲ್ಲಿ ನೋಡಿದರೂ ದಪ್ಪ. ಪ್ರಾಸ್ಟೇಟ್ ಕ್ಯಾನ್ಸರ್ ಹರಡದೆ ಇದ್ದ 2,705 ಅಮೆರಿಕನ್ನರಲ್ಲಿ ವಾರಕ್ಕೆ ಮೂರು ಗಂಟೆ ಬೆವರು ಹರಿಸಿದವರಿಗೆ ಆ ಕ್ಯಾನ್ಸರಿನಿಂದ ಸಾವಿನ ಅಪಾಯ ಶೇಕಡ 61 ಕಡಿಮೆ. ಇನ್ನೊಂದು ಅಧ್ಯಯನದ 1,455 ಮಂದಿಯಲ್ಲಿ ವಾರಕ್ಕೆ ಮೂರು ಗಂಟೆ ಬಿರುಸಾಗಿ ನಡೆದವರಿಗೆ, ಕಡಿಮೆ ನಡೆದು ಅದನ್ನೂ ನಿಧಾನಕ್ಕೆ ನಡೆದವರಿಗಿಂತ, ರೋಗ ಮುಂದುವರಿಯುವುದು ಶೇಕಡ 57 ಕಡಿಮೆ. ಎರಡೂ 2011ರವು. ಬಿರುಸಾಗಿ ನಡೆಯಲು ಶಕ್ತಿ ಇದ್ದವರು ಮೊದಲೇ ಗಟ್ಟಿಮುಟ್ಟಾಗಿದ್ದರೋ ಏನೋ, ಇವೂ ನೋಡಿ ಹೇಳಿದ ಲೆಕ್ಕಗಳೇ. ಆದರೆ ಮಧುಮೇಹದ ವಿಷಯದಲ್ಲಿ ಚೀಟಿ ಎತ್ತಿಯೇ ನೋಡಿದ್ದಾರೆ. 2002ರ ಅಮೆರಿಕನ್ ಪ್ರಯೋಗ, ಹೊಸ್ತಿಲಲ್ಲಿದ್ದ 3,234 ಜನ. ಮೆಟ್‌ಫಾರ್ಮಿನ್ ಕಾಯಿಲೆ ಬರುವ ಅಪಾಯವನ್ನು ಶೇಕಡ 31 ತಗ್ಗಿಸಿತು, ವಾರಕ್ಕೆ 150 ನಿಮಿಷದ ನಡಿಗೆ ಮತ್ತು ತೂಕ ಇಳಿಕೆ ಶೇಕಡ 58. ಹೆಚ್ಚುಕಡಿಮೆ ದುಪ್ಪಟ್ಟು! ನೆರೆಯ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ 531 ಜನರ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಡಿಗೆ-ಪಥ್ಯಕ್ಕೆ ಶೇಕಡ 28.5, ಅಮೆರಿಕದ ಮೂರನೇ ಒಂದರಷ್ಟೂ ಇಲ್ಲದ ಪ್ರಮಾಣದ ಮೆಟ್‌ಫಾರ್ಮಿನ್‌ಗೆ 26.4. ಎರಡೂ ಸೇರಿದರೆ 55 ಆಗಬೇಕಲ್ಲ? ಆಗಲಿಲ್ಲ. ಸೇರಿಸಿ ಕೊಟ್ಟಾಗ ಬಂದದ್ದು 28.2. ಲೆಕ್ಕದ ಮೇಷ್ಟ್ರು ಕಂಡರೆ ದೇಹಕ್ಕೆ ಸೊನ್ನೆ ಹಾಕುತ್ತಾರೆ.

ಮೂರು ಗಂಟೆ ಎಂದರೆ ಎಷ್ಟು ದೂರ? ಗಂಟೆಗೆ ಐದೂವರೆ ಕಿಲೋಮೀಟರಿನಂತೆ ಹದಿನಾರೂವರೆ. ಗುಂಡ್ಲುಪೇಟೆ ಬಸ್ ನಿಲ್ದಾಣದಿಂದ ಊಟಿ ರಸ್ತೆ ಹಿಡಿದರೆ ಬಂಡೀಪುರದ ಕಾಡಿನ ಅಂಚು ಮುಟ್ಟಿ ಇನ್ನೂ ಮಿಗುತ್ತದೆ. ಮಿಕ್ಕದ್ದನ್ನು ಕಾಡಿನೊಳಗೆ ನಡೆಯಬೇಡಿ, ಅಲ್ಲಿ 1,116 ತೂಕದ ಕಲ್ಲುಗಳು ಓಡಾಡುತ್ತಿರುತ್ತವೆ. ವರ್ಷಕ್ಕೆ ಈ ನಡಿಗೆ 858 ಕಿಲೋಮೀಟರ್. ಚಾಮರಾಜನಗರ ರಾಜ್ಯದ ದಕ್ಷಿಣದ ಕೊನೆ, ಬೀದರ್ ಉತ್ತರದ ಕೊನೆ, ನಡುವಿನ ರಸ್ತೆ ಹೆಚ್ಚುಕಡಿಮೆ ಇಷ್ಟೇ ಉದ್ದ. ದಿನಾ ಅರ್ಧ ಗಂಟೆಗಿಂತ ಕಡಿಮೆ ನಡೆದು ಯುಗಾದಿಯಿಂದ ಯುಗಾದಿಗೆ ಇಡೀ ಕರ್ನಾಟಕ ದಾಟಿಬಿಡಬಹುದು. ಶಿವರಾತ್ರಿಗೆ ಎಪ್ಪತ್ತೇಳು ಮಲೆಯ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಹೊರಡುವ ಎಪ್ಪತ್ತರ ಮುದುಕರಿಗೆ ಇದನ್ನು ಹೇಳಿದರೆ ‘ಅಷ್ಟೇನಾ ಸಾಮಿ’ ಅಂದಾರು.

ಜಿಲ್ಲೆಯ ನಮ್ಮ ಅಂದಾಜಿನ ಶುಗರ್ ಪಟ್ಟಣದ 68 ಸಾವಿರ ಜನರೂ ಹೀಗೆ ನಡೆದರೆ ವರ್ಷಕ್ಕೆ 5.8 ಕೋಟಿ ಕಿಲೋಮೀಟರ್. ಸೂರ್ಯನ ದಾರಿಯ ಮೂರನೇ ಒಂದು ಭಾಗವನ್ನು ಚಾಮರಾಜನಗರ ಒಂದೇ ದಾಟಿ ಹೋಗಿರುತ್ತದೆ. ದೇಶದ 10.1 ಕೋಟಿ ಜನರೂ ಹೊರಟರೆ 8,666 ಕೋಟಿ ಕಿಲೋಮೀಟರ್. ಸೂರ್ಯನಿಗೆ ಹೋಗಿ ಬರುವುದು 290 ಸಲ ಆಗುತ್ತದೆ. ಸೂರ್ಯ ಸಾಕೆಂದು ಆಚೆ ತಿರುಗಿದರೆ ನೆಪ್ಚೂನ್ ಬರೀ 450 ಕೋಟಿ ಕಿಲೋಮೀಟರ್, ಹತ್ತೊಂಬತ್ತು ಸಲ ಮುಟ್ಟಬಹುದು. ಮನುಷ್ಯ ಕೈಯಾರೆ ಮಾಡಿ ಎಸೆದ ವಸ್ತುಗಳಲ್ಲಿ ಅತಿ ದೂರ ಹೋಗಿರುವುದು ವಾಯೇಜರ್ 1, ಶಾಲಿಗೆ ನೊಬೆಲ್ ಬಂದ ಅದೇ 1977ರಲ್ಲಿ ಹೊರಟದ್ದು. ಸೆಕೆಂಡಿಗೆ ಹದಿನೇಳು ಕಿಲೋಮೀಟರ್ ವೇಗದಲ್ಲಿ ಓಡಿ ಓಡಿ ಅದು ಈಗ ತಲುಪಿರುವುದು ಸುಮಾರು 2,500 ಕೋಟಿ ಕಿಲೋಮೀಟರ್. ನಮ್ಮ ಶುಗರಿನವರು ಅದರ ಮೂರು ಪಟ್ಟಿಗೂ ಹೆಚ್ಚು ದೂರವನ್ನು ಒಂದೇ ವರ್ಷದಲ್ಲಿ, ಹವಾಯಿ ಚಪ್ಪಲಿಯಲ್ಲಿ ಕ್ರಮಿಸಿರುತ್ತಾರೆ. ದಾರಿಯಲ್ಲಿ ಸಕ್ಕರೆಯಿಲ್ಲದ ಟೀಗೆ ನಿಂತ ಹೊತ್ತನ್ನು ಲೆಕ್ಕದಿಂದ ಬಿಟ್ಟಿದ್ದೇನೆ.